ಗೋಲಿನ ಹಿಂದೆ ಹನ್ನೊಂದು ಕುರಿ

ಎತ್ತರ ಐದು ಅಡಿ ಎಂಟು ಅಂಗುಲ. ತೂಕ, ನಮ್ಮ ಗಂಜಿನ, ಅಂದರೆ ಧಾನ್ಯಪೇಟೆಯ, ಕಾಟಾದ ಮೇಲೆ ನಿಲ್ಲಿಸಿದಾಗ, ಒಂದೂವರೆ ಮಣಕ್ಕೆ ಸ್ವಲ್ಪ ಮೇಲೆ. ಅದರಲ್ಲಿ ಕಂಬಳಿಯ ತೂಕವೂ ಸೇರಿತ್ತು, ತೆಗೆದಿಡು ಅಂದರೆ ತೆಗೆದಿಡಲಿಲ್ಲ. ಹಲ್ಲು ಮೂವತ್ತೊಂದು. ಮೂವತ್ತೆರಡನೆಯದು ಉದಗೀರದವರ ಚೆಂಡಿಗೆ ಹೋಗಿತ್ತು. ಅಂಗಾಲು ಎಂಥದೆಂದರೆ ಜಾಲಿಮುಳ್ಳು ಚುಚ್ಚಿದರೆ ಮುಳ್ಳೇ ಮುರಿಯಬೇಕು. ಮಾತು ಕಡಿಮೆ, ಊಟ ಹೆಚ್ಚು. ಒಟ್ಟಿನಲ್ಲಿ ಧೊಂಡಿಬಾ ಮಧ್ಯಮ ದರ್ಜೆಯ ಮಾಲು, ನೋಡಿದ ಕೂಡಲೇ ಯಾರೂ ಕೈ ಹಾಕುವಂಥದ್ದಲ್ಲ. ಕಣ್ಣು ಮಾತ್ರ ಅನುಮಾನ ಹುಟ್ಟಿಸುತ್ತಿದ್ದವು. ಯಾರು ಎದುರಿಗೆ ಬಂದರೂ ಮೊದಲು ಕಾಲು ನೋಡುತ್ತಿದ್ದ, ಆಮೇಲೆ ಮುಖ. ಗಂಜಿನಲ್ಲಿ ಕೂತು ಮೂವತ್ತು ವರ್ಷ ಜೋಳ, ಕಡಲೆ ಮಾರಿದ ನನಗೆ ಕಾಲು ನೋಡುವವರ ಮೇಲೆ ವಿಶ್ವಾಸವಿಲ್ಲ. ಒಂದೋ ಅವರು ಚಪ್ಪಲಿ ಕದಿಯುವವರು, ಇಲ್ಲವೇ ನಮ್ಮ ಹಿಂದಿರುವ ಬಾಗಿಲು ಹುಡುಕುವವರು.

ಔರಾದ ತಾಲೂಕಿನ ಎಕಂಬಾ ಅವನ ಊರು. ಕುರಿ ಕಾಯುವ ಮನೆತನ. ಮಳೆಗಾಲ ಮುಗಿದ ಮೇಲೆ ಅವರ ಜನ ಹಿಂಡು ಹೊಡೆದುಕೊಂಡು ಊರೂರು ತಿರುಗುವುದು ರೂಢಿ. ನಲವತ್ತೆಂಟರಲ್ಲಿ, ಪೊಲೀಸ್ ಆಕ್ಷನ್ ಆದ ವರ್ಷ, ಮಳೆ ಮುಗಿಯುವ ಮೊದಲೇ ಹೊರಟಿದ್ದರು, ಊರಲ್ಲಿ ಇರುವುದಕ್ಕಿಂತ ಬಯಲಲ್ಲಿ ಇರುವುದು ಕ್ಷೇಮ ಅಂತ. ಬಯಲೂ ಕ್ಷೇಮವಿರಲಿಲ್ಲ. ಅರವತ್ತು ಕುರಿಗಳಲ್ಲಿ ಅರ್ಧವನ್ನು ಮೊದಲು ಒಂದು ಟೊಪಿಗೆಯವರು ಹೊಡೆದುಕೊಂಡು ಹೋದರು. ಸೈನ್ಯ ಬಂದು ಆ ಟೊಪಿಗೆಯವರು ಓಡಿಹೋದ ವಾರದಲ್ಲೇ ಉಳಿದರ್ಧದಲ್ಲಿ ಸಿಕ್ಕಷ್ಟನ್ನು ಇನ್ನೊಂದು ಟೊಪಿಗೆಯವರು ಒಯ್ದರು. ಇವನ ಪಾಲಿಗೆ ಉಳಿದದ್ದು ಮೂರು ಹೆಣ್ಣು ಕುರಿ. ಅವನ್ನು ಅಷ್ಟೂರಿನ ಒಂದು ಗುಮ್ಮಟದೊಳಗೆ ಹೊಗಿಸಿ, ಬಾಗಿಲಿಗೆ ತಾನೇ ಅಡ್ಡ ಮಲಗಿ ನಾಲ್ಕು ದಿನ ಕಾದಿದ್ದನಂತೆ. ಬಾದಶಹರ ಗೋರಿಯಲ್ಲಿ ಕುರಿ ಕಟ್ಟಿದ್ದು ತಪ್ಪಲ್ಲವೇನೋ ಅಂತ ನಾನು ಒಮ್ಮೆ ಕೆಣಕಿದೆ. "ಬಾದಶಾ ಏನೂ ಅನ್ಲಿಲ್ರಿ," ಅಂದ. "ಜೀವಂತ ಇದ್ದವರೇ ತ್ರಾಸ ಕೊಟ್ಟದ್ದು."

ಆ ಮೂರು ಕುರಿಗಳ ಹಿಂದೆ ಅವನು ಬೀದರಿಗೆ ಬಂದ. ಕೋಟೆಯ ಆಚೆ ನಮ್ಮ ಹಾಕಿ ಮೈದಾನ. ಅದನ್ನು ನಡೆಸುತ್ತಿದ್ದ ಹಳೆಯ ಅಧಿಕಾರಿಗಳು ಆಕ್ಷನ್ ಆದ ಮೇಲೆ ಒಬ್ಬೊಬ್ಬರಾಗಿ ಊರು ಬಿಟ್ಟಿದ್ದರು. ಕ್ಲಬ್ಬಿನ ಕೀಲಿಕೈ ಕೈಬದಲಾಗಿ ಕೊನೆಗೆ ನನ್ನ ಕಿಸೆಗೆ ಬಿದ್ದಿತ್ತು. ಹಾಕಿಯ ಬಗ್ಗೆ ನನಗೆ ಗೊತ್ತಿದ್ದದ್ದು ಇಷ್ಟೇ: ಎರಡು ಕಡೆ ಹನ್ನೊಂದು ಹನ್ನೊಂದು ಮಂದಿ, ಒಂದು ಚೆಂಡು, ಮತ್ತು ಸೋತಾಗ ಬೈಸಿಕೊಳ್ಳಲು ಒಬ್ಬ ಸೆಕ್ರೆಟರಿ. ಆ ಸೆಕ್ರೆಟರಿ ನಾನು. ಆಟ ಕಲಿಸುವ ಕೆಲಸ ಅಬ್ದುಲ ಅಜೀಜ ಮಾಸ್ತರರದು. ಹಿಂದೆ ಸಾಲೆಯಲ್ಲಿ ಡ್ರಿಲ್ ಮಾಸ್ತರರಾಗಿದ್ದವರು, ಸೀಟಿಯನ್ನು ತಾಯಿತದಂತೆ ಕೊರಳಿಗೆ ಕಟ್ಟಿಕೊಂಡೇ ಇರುತ್ತಿದ್ದರು.

ಮಾಸ್ತರರೇ ಒಂದು ದಿನ ನನ್ನನ್ನು ಮೈದಾನಕ್ಕೆ ಕರೆದುಕೊಂಡು ಹೋಗಿ ತೋರಿಸಿದರು. ಗೋಲಿನ ಹಿಂದೆ ಮೂರು ಕುರಿ ಮೇಯುತ್ತಿದ್ದವು. ಗೋಲಿನ ಪಕ್ಕಕ್ಕೆ ಹಾರಿ ಬಂದ ಪ್ರತಿಯೊಂದು ಚೆಂಡನ್ನೂ ಕಂಬಳಿ ಹೊದ್ದ ಒಬ್ಬ ತನ್ನ ಬಡಿಗೆಯಿಂದ ತಡೆದು ಹಿಂದಕ್ಕೆ ತಳ್ಳುತ್ತಿದ್ದ.

"ನೋಡ್ರಿ ಸಾವ್ಕಾರ. ಒಂದು ತಾಸಾಯ್ತು. ಒಂದೂ ಚೆಂಡು ಕುರಿ ತನಕ ಹೋಗಿಲ್ಲ."

"ಅಂವ ಕುರಿ ಕಾಯ್ಲಾಕತ್ತಾನ, ಮಾಸ್ತರ್. ಗೋಲು ಅಲ್ಲ."

"ಕುರಿ ಗೋಲಿನ ಹಿಂದ ಇದ್ದ ಮ್ಯಾಲ ಎರಡೂ ಒಂದೇ ಅಲ್ಲೇನ್ರಿ?"

ಹೀಗೆ ಧೊಂಡಿಬಾ ನಮ್ಮ ಫುಲ್‌ಬ್ಯಾಕ್ ಆದ. ಒಪ್ಪಂದ ಸರಳ: ಅವನು ಆಡಬೇಕು, ಅವನ ಕುರಿ ಮೈದಾನದ ಹುಲ್ಲು ಮೇಯಬೇಕು. ನಮ್ಮ ಕೆಂಪು ಮಣ್ಣಿನ ಮೇಲೆ ಮಳೆಗಾಲದಲ್ಲಿ ಹುಲ್ಲು ಮೊಣಕಾಲೆತ್ತರ ಬರುತ್ತದೆ. ಕುರಿಗಳು ಅದನ್ನು ಕ್ಷೌರಿಕ ತಲೆ ಬೋಳಿಸಿದ ಹಾಗೆ ನುಣ್ಣಗೆ ಮಾಡಿಬಿಡುತ್ತಿದ್ದವು. ಮೂರು ವರ್ಷದಲ್ಲಿ ಮೂರು ಕುರಿ ಹನ್ನೊಂದಾದವು. ಪಂದ್ಯದ ದಿನವೂ ಅವನು ಕುರಿಗಳನ್ನು ನಮ್ಮ ಗೋಲಿನ ಹಿಂದೆಯೇ ಬಿಡುತ್ತಿದ್ದ. ಅರ್ಧ ಆಟಕ್ಕೆ ಗೋಲು ಬದಲಾದರೆ ಕುರಿಗಳೂ ಆ ಕಡೆ ಹೋಗುತ್ತಿದ್ದವು. ಹೊರಗಿನ ಊರಿನವರು ನಗುತ್ತಿದ್ದರು. ಅವರು ಸೋತು ಹೋಗುವಾಗ ನಾವೂ ನಗುತ್ತಿದ್ದೆವು.

ಅವನ ಲೆಕ್ಕ ಇಪ್ಪತ್ತು ಕುರಿ. ಅವರ ಜನರಲ್ಲಿ ಇಪ್ಪತ್ತು ಸ್ವಂತ ಕುರಿ ಇಲ್ಲದವನು ತಿರುಗುವ ಹಟ್ಟಿಯ ಜೊತೆ ನಡೆದರೂ ಬೇರೆಯವರ ಕುರಿ ಕಾಯುವ ಆಳು. ಬೆಂಕಿಯ ಸುತ್ತ ಕೂತು ನಾಳೆಯ ದಾರಿ ಮಾತಾಡುವಾಗ ಅವನನ್ನು ಯಾರೂ ಕೇಳುವುದಿಲ್ಲ. ತಾಯಿ ಸುಭದ್ರಾಬಾಯಿ ಎಕಂಬಾದಲ್ಲಿ ಮೈದುನರ ಮನೆಯಲ್ಲಿದ್ದಳು. ಇಪ್ಪತ್ತಾದ ದಿನ ಊರಿಗೆ ಬರುತ್ತೇನೆ, ನಮ್ಮದೇ ಹಟ್ಟಿ ಹೂಡೋಣ ಅಂತ ಅವಳಿಗೆ ಮಾತು ಕೊಟ್ಟಿದ್ದ. ಇದು ಇಡೀ ಕ್ಲಬ್ಬಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು, ಅದಕ್ಕೇ ಮುಂದಿನ ಕಥೆಯೆಲ್ಲ ಕೆಟ್ಟಿತು.

ಐವತ್ತೊಂದರ ಶ್ರಾವಣದಲ್ಲಿ ಭಾಲ್ಕಿಯ ಮಡೆಪ್ಪ ನನ್ನ ಅಂಗಡಿಗೆ ಬಂದರು. ಹತ್ತಿ ಹಿಂಜುವ ಮಿಲ್ಲಿನ ಮಾಲೀಕರು, ಭಾಲ್ಕಿ ಹಾಕಿ ಕ್ಲಬ್ಬಿನ ಅಧ್ಯಕ್ಷರು, ಅದಕ್ಕೂ ಮಿಗಿಲಾಗಿ ನಮಗೆ ದೂರದ ಬೀಗರು. ಬೀಗರು ಕರೆಯದೆ ಬಂದರೆ ಮೊದಲು ಪೆಟ್ಟಿಗೆಯ ಮುಚ್ಚಳ ಹಾಕಬೇಕು ಅಂತ ನಮ್ಮ ತಂದೆ ಹೇಳುತ್ತಿದ್ದರು. ಹಾಕಿದೆ.

"ಬೀಗರ, ನಿಮಗೊಂದು ಉಪಕಾರ ಮಾಡಬೇಕಂತ ಬಂದೀನಿ," ಅಂದರು ಮಡೆಪ್ಪ.

"ಹೋದ ಸಲ ಉಪಕಾರ ಮಾಡಿದ್ರಿ, ಬೀಗರ. ಆ ಕಡಲಿಯೊಳಗಿನ ಹರಳು ಇನ್ನಾ ಆರಿಸ್ಲಾಕತ್ತೇವಿ."

ಅವರು ನಕ್ಕು, ಉಪಕಾರ ಏನೆಂದು ಬಿಚ್ಚಿದರು. ಅವರ ಸೆಂಟರ್ ಫಾರ್ವರ್ಡ್ ರಶೀದ ಅಹ್ಮದನನ್ನು ನಮಗೆ ಕೊಡುತ್ತಾರಂತೆ. ರಶೀದನ ಹೆಸರು ಕೇಳದವರು ಜಿಲ್ಲೆಯಲ್ಲಿ ಇರಲಿಲ್ಲ. ಹಳೆಯ ಸರಕಾರದ ಫೌಜಿನ ತಂಡದಲ್ಲಿ ಆಡಿದವನು. ಫೌಜು ಮುಗಿದು ನೌಕರಿ ಹೋದ ಮೇಲೆ ಮಡೆಪ್ಪನ ಮಿಲ್ಲಿನಲ್ಲಿ ಗೇಟು ಕಾಯುತ್ತಿದ್ದ. ಹೋದ ವರ್ಷ ಒಬ್ಬನೇ ಹತ್ತೊಂಬತ್ತು ಗೋಲು ಹೊಡೆದಿದ್ದ. ಅವನಿಗೆ ಬದಲಾಗಿ ಮಡೆಪ್ಪ ಕೇಳಿದ್ದು ಮೂರು: ಫುಲ್‌ಬ್ಯಾಕ್ ಧೊಂಡಿಬಾ, ಗೋಲ್‌ಕೀಪರ್ ಪಂಢರಿ, ಮತ್ತು ಮೈದಾನದ ಕಲ್ಲಿನ ರೋಲರ್. ಎರಡೆತ್ತು ಎಳೆಯುವ ಕರಿಕಲ್ಲಿನ ಆ ರೋಲರಿನಂಥದ್ದು ಜಿಲ್ಲೆಯಲ್ಲಿ ಇನ್ನೊಂದಿರಲಿಲ್ಲ.

ಆ ಕಾಲದಲ್ಲಿ ಅಕ್ಕಿ, ಸೀಮೆಎಣ್ಣೆ, ಸಕ್ಕರೆ ಎಲ್ಲಕ್ಕೂ ರೇಷನ್ನು. ರೇಷನ್ನಿಲ್ಲದೆ ಬೇಕಾದಷ್ಟು ಸಿಗುತ್ತಿದ್ದ ಮಾಲು ಸಂಶಯ ಒಂದೇ. ಯಾರು ಅಂದು ಯಾವ ಕಡೆ ಇದ್ದರು, ಯಾರು ಯಾರ ಹೆಸರು ಬರೆಸಿದರು, ಯಾರ ಮನೆಯ ಹಂಡೆ ಯಾರ ಮನೆಯಲ್ಲಿದೆ ಅಂತ ಬೀದಿಬೀದಿಯಲ್ಲಿ ಮಾತು. ನಾನು ವ್ಯಾಪಾರಿ, ನನ್ನ ಹತ್ತಿರ ಅದರ ದಾಸ್ತಾನು ಎಲ್ಲರಿಗಿಂತ ಹೆಚ್ಚಿತ್ತು. ಬಿತ್ತನೆಗೆ ಮುಂಚೆ ಯಾವನಾದರೂ ತನ್ನ ಒಳ್ಳೆಯ ಎತ್ತು ಮಾರುತ್ತಾನೆಯೇ?

ಮೈದಾನದ ಕಟ್ಟೆಯ ಮೇಲೆ ನಾವು ಮೂವರು ಕಮಿಟಿ ಸೇರಿದೆವು: ನಾನು, ಮಾಸ್ತರರು, ವಕೀಲ ದತ್ತಾತ್ರಿ.

ದತ್ತಾತ್ರಿಗೆ ಜಿಲ್ಲಾ ಪಂದ್ಯದ ಕಪ್ಪು ಆಗಲೇ ಕೈಯಲ್ಲಿದ್ದ ಹಾಗಿತ್ತು. "ಹತ್ತೊಂಬತ್ತು ಗೋಲ್ರಿ, ಸಾವ್ಕಾರ! ನಾವೆಲ್ಲಾ ಸೇರಿ ಹನ್ನೆರಡು ಹೊಡೀಲಿಲ್ಲ. ಅಂಥವ ತಾನಾಗೇ ಬಂದ್ರ ಕೈಯಾಗಿಂದ ಬಿಡ್ತಾರೇನು? ಫುಲ್‌ಬ್ಯಾಕು ಓಣಿಗೊಬ್ಬ ಸಿಗ್ತಾನ."

ಮಾಸ್ತರರು ಸೀಟಿಯನ್ನು ತಿರುಗಿಸುತ್ತ ಕೂತಿದ್ದರು. "ನಾ ಒಪ್ಪಂಗಿಲ್ರಿ. ಹೋದ ವರ್ಷ ನಮ್ಮ ಮ್ಯಾಲ ಆದದ್ದು ನಾಕೇ ಗೋಲು. ಯಾಕ? ಹಿಂದ ಇವರಿಬ್ಬರಿದ್ರು. ಹಿತ್ತಲ ಗ್ವಾಡಿ ಕೆಡವಿ ಆ ಕಲ್ಲಿಲೆ ಮುಂಬಾಗಿಲ ಕಟ್ಟಿದ್ರ ಮನಿ ಉಳೀತದೇನು? ರಶೀದ ದೊಡ್ಡ ಆಟಗಾರ, ಖರೆ. ಆದ್ರ ಒಬ್ಬನೇ. ಒಬ್ಬನ ಸಲುವಾಗಿ ಅರ್ಧ ಟೀಮು ಕೊಡಬಾರದು."

ಮಾಸ್ತರರು ಹೇಳಿದ್ದು ನೆಟ್ಟಗಿತ್ತು. ನೆಟ್ಟಗಿದ್ದ ಮಾತು ಕೇಳಿದರೆ ನನ್ನ ಮನಸ್ಸು ಒಳಗೆ ಸೊಟ್ಟಗೆ ನಡೆಯುತ್ತದೆ. ಜಾತಿಭಾಯಿಯನ್ನು ಕರೆಸಿಕೊಂಡ ಅಂತ ನಾಳೆ ಯಾರೂ ಅನ್ನಬಾರದೆಂದು ಮಾಸ್ತರರು ಬೇಕಂತಲೇ ಬೇಡ ಅನ್ನುತ್ತಿರಬಹುದೇ? ಬೇಡ ಬೇಡ ಅಂದು ನನ್ನ ಬಾಯಿಂದಲೇ ಬೇಕು ಅನ್ನಿಸುವ ಯುಕ್ತಿಯೇ? ಇದನ್ನೆಲ್ಲ ನಾನು ಬಾಯಿಬಿಟ್ಟು ಹೇಳಲಿಲ್ಲ. ಮೊದಲು ಮಾಲು ನೋಡೋಣ ಅಂದೆ.

ಮುಂದಿನ ಶುಕ್ರವಾರ ರಶೀದ ರೈಲಿನಲ್ಲಿ ಬಂದ. ಉದ್ದನೆಯ ಆಳು, ಮೀಸೆ ತೆಳ್ಳಗೆ, ಮಾತು ಅದಕ್ಕೂ ತೆಳ್ಳಗೆ. ನಮ್ಮವರನ್ನೇ ಎರಡು ಪಾಲು ಮಾಡಿ ಅವನನ್ನು ಇಳಿಸಿದೆವು. ಇಪ್ಪತ್ತು ನಿಮಿಷದಲ್ಲಿ ಮೂರು ಗೋಲು. ಚೆಂಡು ಅವನ ಬಡಿಗೆಗೆ ಬೆಲ್ಲ ಹಚ್ಚಿದ ಹಾಗೆ ಅಂಟಿಕೊಂಡು ಬರುತ್ತಿತ್ತು. ಧೊಂಡಿಬಾನನ್ನೂ ಒಮ್ಮೆ ದಾಟಿಕೊಂಡು ಹೋದ. ದತ್ತಾತ್ರಿ ಟೊಪಿಗೆ ಮೇಲಕ್ಕೆಸೆದ. ನನ್ನ ಕೈ ಕೂಡ ನನ್ನನ್ನು ಕೇಳದೆ ಚಪ್ಪಾಳೆ ತಟ್ಟಿತು.

ನಡುವೆ ಎಲ್ಲರೂ ನೆಲಕ್ಕೆ ಕೂತು ಚಹಾ ಕುಡಿದರು. ಆಮೇಲೆ ರಶೀದ, ಗಾಡಿಗೆ ಹೊತ್ತಾಯಿತು ಎಂದು ಹೇಳಿ ಸ್ಟೇಷನ್ನಿಗೆ ಹೋದ. ಮರುದಿನ ಬೆಳಿಗ್ಗೆ ಧೊಂಡಿಬಾ ನನ್ನ ಅಂಗಡಿಯ ಮೆಟ್ಟಿಲ ಕೆಳಗೆ ನಿಂತಿದ್ದ.

"ಸಾವ್ಕಾರ, ಒಂದು ಮಾತದರಿ. ಆ ಅಂವ... ಅವನ ಬಲಗಾಲ ಬರೋಬ್ಬರಿ ಇಲ್ರಿ."

"ಬರೋಬ್ಬರಿ ಇಲ್ಲದ ಕಾಲಿಲೆ ನಿನ್ನ ದಾಟಿ ಹೋದ್ನಲ್ಲೋ!"

"ಓಡಾಗ ನೋಡಬಾರದ್ರಿ. ಮಂದಿಯೊಳಗ ಓಡಿದ್ರ ಕುಂಟ ಕುರಿನೂ ಛಂದ ಓಡ್ತದ. ಏಳಾಗ ನೋಡಬೇಕ್ರಿ. ಚಾ ಕುಡದು ಏಳಾಗ ಅಂವ ಎಡಗೈ ನೆಲಕ್ಕ ಊರಿ, ಎಡಗಾಲ ಮ್ಯಾಲೇ ಎದ್ದ. ಬಲ ಮಣಕಾಲ ಮಡಚಲೇ ಇಲ್ಲ. ಅದು ಒಂದು ಹಂಗಾಮು ನಡ್ಯೂ ಕಾಲಲ್ರಿ."

ನಾನು ತಕ್ಕಡಿಯನ್ನು ನೋಡುತ್ತ ಕೇಳಿದೆ: "ಈಗ ನಿನ್ನ ಕುರಿ ಎಷ್ಟು ಅದಾವ?"

"ಹನ್ನೊಂದ್ರಿ."

"ಭಾಲ್ಕಿಗಿ ಹೋದ್ರ ಅವು ಏನು ಮೇಯ್ತಾವ?"

ಅವನು ಕಂಬಳಿಯನ್ನು ಹೆಗಲ ಮೇಲೆ ಸರಿಮಾಡಿಕೊಂಡ. ನನಗೆ ಬೇಕಾದ ಉತ್ತರ ಸಿಕ್ಕಿತು. ಗಂಜಿನ ಮೊದಲ ಪಾಠವೇ ಇದು: ಯಾರಿಗೆ ನಷ್ಟವಿದೆಯೋ ಅವರ ಮಾತನ್ನು ಎರಡು ಸಲ ಜರಡಿ ಹಿಡಿ. ಇವನ ಕುರಿಗಳ ಹುಲ್ಲು ಹೋಗುತ್ತದೆ, ಅದಕ್ಕೆ ರಶೀದನ ಕಾಲು ಕುಂಟುತ್ತದೆ. ಇಷ್ಟು ತಿಳಿಯದಷ್ಟು ನಾನು ಹಸುಳೆಯೇ?

ಅವನು ಸಿಟ್ಟಾಗಲಿಲ್ಲ. "ಕುರಿ ಮಾತ ಬ್ಯಾರೆ, ಕಾಲ ಮಾತ ಬ್ಯಾರೆ ಅದರಿ. ನನ್ನ ನಂಬಬ್ಯಾಡ್ರಿ, ಬಿಡ್ರಿ. ಸಂತಿಯೊಳಗ ಕೇಳಿದಂಗ ಮಡೆಪ್ಪ ಸಾವ್ಕಾರ್ರಿಗಿ ಕೇಳ್ರಿ: ಐಬು ಏನದ ಅಂತ. ಕೇಳಿದ ಮ್ಯಾಲ ಅವರು ಸುಳ್ಳು ಹೇಳಂಗಿಲ್ಲ."

ಇದು ನಮ್ಮ ಕಡೆಯ ದನದ ಸಂತೆಯ ಪದ್ಧತಿ. ಕೊಳ್ಳುವವನು, ಮಾರುವವನು ಇಬ್ಬರೂ ಹೆಗಲ ಮೇಲೆ ಹೊದೆಯುವ ಒಂದು ವಲ್ಲಿಯ ಕೆಳಗೆ ಕೈ ಹಾಕಿ, ಬೆರಳು ಹಿಡಿದು ಮಾತಿಲ್ಲದೆ ಬೆಲೆ ಮುಗಿಸುತ್ತಾರೆ. ಅದಕ್ಕೂ ಮೊದಲು ಕೊಳ್ಳುವವನು ನಾಲ್ಕು ಜನರಿಗೆ ಕೇಳುವಂತೆ "ಐಬು ಏನದ?" ಅಂತ ಕೇಳಬಹುದು. ಕೇಳಿದರೆ ಇದ್ದ ದೋಷವನ್ನು ಇದ್ದ ಹಾಗೆ ಹೇಳಲೇಬೇಕು. ಆ ಪ್ರಶ್ನೆಗೆ ಸುಳ್ಳು ಹೇಳಿದವನಿಗೆ ಮುಂದಿನ ವಾರ ಸಂತೆಯಲ್ಲಿ ಗೂಟ ಹೊಡೆಯಲು ಜಾಗವಿಲ್ಲ. ಕೇಳದಿದ್ದರೆ ಹೇಳುವ ಹಂಗೂ ಇಲ್ಲ.

ಅವನನ್ನು ಕಳಿಸಿ ನಾನು ದತ್ತಾತ್ರಿಯನ್ನು ಭಾಲ್ಕಿಗೆ ಅಟ್ಟಿದೆ. ಕಾಲು ನೋಡಲು ಅಲ್ಲ, ಬಾಳು ನೋಡಲು. ರಶೀದನ ಹೆಸರು ಪೊಲೀಸರ ಯಾವುದಾದರೂ ಪಟ್ಟಿಯಲ್ಲಿದೆಯೇ? ಕುಡಿಯುತ್ತಾನೆಯೇ? ಇಸ್ಪೀಟು? ಆಕ್ಷನ್ನಿನ ಕಾಲದಲ್ಲಿ ಎಲ್ಲಿದ್ದ? ಮೂರು ದಿನ ಸ್ಟೇಷನ್ನು, ಹೋಟೆಲು, ಕಚೇರಿ ಸುತ್ತಿ ಬಂದ ದತ್ತಾತ್ರಿ ವರದಿ ಒಪ್ಪಿಸಿದ: ಪಟ್ಟಿಯಲ್ಲಿ ಇಲ್ಲ, ಕುಡಿಯುವುದಿಲ್ಲ, ಹೊತ್ತಿಗೆ ಸರಿಯಾಗಿ ನಮಾಜು, ಗೇಟಿನ ಕೆಲಸಕ್ಕೆ ಒಂದು ದಿನ ತಪ್ಪಿಸಿಲ್ಲ, ಹಬ್ಬಕ್ಕೆ ತಂಗಿಯ ಮನೆಗೆ ಹೋಗುತ್ತಾನೆ. ಇಷ್ಟು ಶುದ್ಧವಾದ ವರದಿ ಬಂದರೆ ನನಗೆ ಊಟ ರುಚಿಸುವುದಿಲ್ಲ. ಹಾಗಾದರೆ ಮಡೆಪ್ಪ ಯಾಕೆ ಕೊಡುತ್ತಿದ್ದಾರೆ?

ದತ್ತಾತ್ರಿ ಹೊರಡುವ ಹೊತ್ತಿಗೆ ಮರೆತಿದ್ದ ಒಂದು ಮಾತು ನೆನಪಿಸಿಕೊಂಡ. ಮಿಲ್ಲಿನ ಹಿಂದೆ ಮಡೆಪ್ಪ ಹೊಸ ಅಂಗಳ ಮಾಡಿಸುತ್ತಿದ್ದಾರಂತೆ, ಹತ್ತಿ ಹರವಲಿಕ್ಕೆ. ಮಣ್ಣು ಹಾಕಿಸಿ ಆಗಿದೆಯಂತೆ, ಗಟ್ಟಿ ಮಾಡುವುದು ಬಾಕಿಯಂತೆ.

ಸಿಕ್ಕಿತು! ಮಡೆಪ್ಪನಿಗೆ ಬೇಕಾದದ್ದು ಆಳೂ ಅಲ್ಲ, ಆಟವೂ ಅಲ್ಲ, ನಮ್ಮ ರೋಲರ್. ಉಳಿದದ್ದೆಲ್ಲ ಅದರ ಮೇಲೆ ಹೊದಿಸಿದ ಗೋಣಿಚೀಲ. ಎಷ್ಟು ಖುಷಿಯಾಯಿತೆಂದರೆ ದತ್ತಾತ್ರಿಗೆ ಎರಡು ಕಪ್ಪು ಚಹಾ ಕುಡಿಸಿದೆ. ಒಂದು ಹಾವು ಕಂಡವನು ಬಿಲವೆಲ್ಲ ಖಾಲಿಯಾಯಿತು ಅಂದುಕೊಳ್ಳುತ್ತಾನೆ, ನಾನೂ ಅಂದುಕೊಂಡೆ.

ಭಾಲ್ಕಿ ಸಂತೆಯ ದಿನ ಮಡೆಪ್ಪನೂ ನಾನೂ ಬೇವಿನ ಮರದ ಕೆಳಗೆ ಕೂತೆವು. ತಮಾಷೆಗೆಂದು ಅವರೇ ಹೆಗಲ ಮೇಲಿನ ವಲ್ಲಿ ತೆಗೆದು ನಮ್ಮ ಕೈಗಳ ಮೇಲೆ ಹಾಸಿದರು. ಸುತ್ತ ಹತ್ತು ಜನ ಸೇರಿದರು.

"ಏನರೆ ಕೇಳೂದದೇನು, ಬೀಗರ?" ಅಂದರು.

ಧೊಂಡಿಬಾನ ಪ್ರಶ್ನೆ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಮನುಷ್ಯನೊಬ್ಬನನ್ನು ಎತ್ತಿನ ಹಾಗೆ ನಿಲ್ಲಿಸಿ ಐಬು ಕೇಳುವುದು ಹೇಗೆ? ಅದಕ್ಕಿಂತ ನಿಜವಾದ ಕಾರಣ ಬೇರೆ: ಕೇಳಿದರೆ, ಕಣ್ಣಿದ್ದೂ ನನಗೆ ಕಾಣಲಿಲ್ಲ ಅಂತ ಬೀಗರ ಮುಂದೆ ಒಪ್ಪಿಕೊಂಡ ಹಾಗೆ. "ಕೇಳೂದೇನದ, ಎಲ್ಲಾ ಗೊತ್ತದ," ಅಂದೆ, ರೋಲರನ್ನು ಮನಸ್ಸಿನಲ್ಲಿಟ್ಟು.

ವಲ್ಲಿಯ ಕೆಳಗೆ ಅವರು ನನ್ನ ಮೂರು ಬೆರಳು ಹಿಡಿದರು. ನಾನು ಒಂದನ್ನು ಬಿಡಿಸಿಕೊಂಡೆ. ಅವರು ಮತ್ತೆ ಹಿಡಿದರು. ನಾನು ಮತ್ತೆ ಬಿಡಿಸಿಕೊಂಡು, ತಲೆ ಅಲ್ಲಾಡಿಸಿ, ಬಾಯಲ್ಲೇ ಹೇಳಿದೆ: "ರೋಲರ್ ಬಿಟ್ಟು." ಮಡೆಪ್ಪ ನಿಟ್ಟುಸಿರು ಬಿಟ್ಟು ಎರಡೇ ಬೆರಳು ಒತ್ತಿದರು. ವ್ಯಾಪಾರ ಮುಗಿಯಿತು. ಬೀಗರನ್ನು ಬೋಳಿಸಿದೆ ಅಂತ ರೈಲಿನಲ್ಲಿ ಬೀದರಿನವರೆಗೂ ಮೀಸೆಯಡಿ ನಗುತ್ತ ಬಂದೆ. ಅವರು ಅಷ್ಟು ಬೇಗ ಯಾಕೆ ಬಿಟ್ಟರು ಅನ್ನುವುದು, ಜೀವಮಾನದಲ್ಲಿ ಅದೊಂದು ದಿನ, ನನಗೆ ಸಂಶಯವಾಗಿ ಕಾಣಲಿಲ್ಲ.

ಪಂಢರಿಗೆ ಅಕ್ಕನ ಮನೆ ಭಾಲ್ಕಿಯಲ್ಲೇ ಇತ್ತು, ಹಾಡುತ್ತ ಹೋದ. ಧೊಂಡಿಬಾನಿಗೆ ಇಲ್ಲ ಅನ್ನುವ ದಾರಿ ಇರಲಿಲ್ಲ. ಆಡಿದರೆ ಮೈದಾನ, ಬಿಟ್ಟರೆ ಬೀದಿ; ಒಪ್ಪಂದ ನಾನೇ ಮಾಡಿದ್ದು. ಹೊರಡುವ ಮುಂಚಿನ ದಿನ ಸುಭದ್ರಾಬಾಯಿ ಎಕಂಬಾದಿಂದ ನಡೆದು ಬಂದು ನನ್ನ ಅಂಗಡಿಯ ಮುಂದೆ ಕೂತಳು.

"ಯಪ್ಪಾ, ಅಲ್ಲಿ ಹುಲ್ಲು ಅದ ಏನು?"

"ಮಿಲ್ಲಿನ ಅಂಗಳ ದೊಡ್ಡದದ, ಬಾಯಿ. ಮಡೆಪ್ಪ ಸಾವ್ಕಾರ್ರು ಮಾತು ಕೊಟ್ಟಾರ."

"ಅಂಗಳ ನೀ ನೋಡಿದಿ ಏನು?"

"ಇಲ್ಲ."

"ಇನ್ನಾ ಒಂಬತ್ತು ಬೇಕು," ಅಂದಳು ಅವಳು, ನನಗಲ್ಲ, ತನಗೇ. ಎದ್ದು ಹೋದಳು.

ಹನ್ನೊಂದು ಕುರಿ, ಒಂದು ಕಂಬಳಿ, ಒಂದು ಹಾಕಿ ಬಡಿಗೆ. ಭಾಲ್ಕಿಗೆ ಎರಡು ದಿನದ ನಡಿಗೆ. ನನ್ನ ಅಂಗಡಿಯ ಮುಂದಿನಿಂದಲೇ ಹೋದ. ಹೋಗುವಾಗ ಎಂದಿನಂತೆ ನನ್ನ ಕಾಲು ನೋಡಿದ.

ಆಮೇಲೆ ಮಳೆ ಹಿಡಿಯಿತು. ಭಾದ್ರಪದದ ಹೊತ್ತಿಗೆ ಮೈದಾನದಲ್ಲಿ ಹುಲ್ಲು ಮೊಣಕಾಲು ಮುಟ್ಟಿತು. ಉಳಿಸಿಕೊಂಡಿದ್ದ ರೋಲರನ್ನು ಎತ್ತು ಕಟ್ಟಿ ಎಳೆಸಿದೆ. ಹುಲ್ಲು ಬಗ್ಗಿ ನಮಸ್ಕಾರ ಮಾಡಿ ಮರುದಿನ ಎದ್ದು ನಿಂತಿತು. ಕೂಲಿಯವರಿಂದ ಕೊಯ್ಯಿಸಿದೆ, ಉಳಿದ ಕೂಳೆ ಸೂಜಿಯ ಹಾಗೆ, ಚೆಂಡು ಅದಕ್ಕೆ ತಾಗಿ ಕಪ್ಪೆಯಂತೆ ಜಿಗಿಯುತ್ತಿತ್ತು. ಬೇರೆಯವರ ಕುರಿ ತರಿಸಿದೆ. ಅವು ಹುಲ್ಲು ಬಿಟ್ಟು ಗೋಲಿನ ಬಲೆ ತಿಂದವು. ಮಾಸ್ತರರು ಸೀಟಿ ಊದುತ್ತ ನನ್ನ ಕಡೆ ನೋಡುತ್ತಿದ್ದರು, ಅಷ್ಟೇ.

ರಶೀದ ಆಡುತ್ತಿದ್ದ, ಆದರೆ ಅಭ್ಯಾಸಕ್ಕೆ ವಾರಕ್ಕೆ ಎರಡೇ ದಿನ. ಉಳಿದ ದಿನ, ನಾನು ಕೊಟ್ಟ ಕಾವಲಿನ ಕೆಲಸದಲ್ಲಿ, ನನ್ನ ಗೋದಾಮಿನ ಬಾಗಿಲಲ್ಲಿ ಕುರ್ಚಿಯ ಮೇಲೆ ಕಾಲು ಚಾಚಿ ಕೂತಿರುತ್ತಿದ್ದ. ಅದೂ ನನಗೆ ಸಂಶಯ ಹುಟ್ಟಿಸಿತು: ಸೋಮಾರಿಯೋ, ಇಲ್ಲ ಯಾರಿಗಾದರೂ ಕಾಯುತ್ತಿದ್ದಾನೋ? ಮೊಣಕಾಲಿಗೆ ಬಟ್ಟೆ ಸುತ್ತಿದ್ದು ಪೈಜಾಮದ ಕೆಳಗೆ ಕಾಣುತ್ತಿರಲಿಲ್ಲ.

ಕಾರ್ತಿಕದಲ್ಲಿ ಜಿಲ್ಲೆಯ ಕಪ್ಪಿನ ಕೊನೆಯ ಪಂದ್ಯ, ನಮ್ಮದೇ ಮೈದಾನದಲ್ಲಿ, ಭಾಲ್ಕಿಯ ಮೇಲೆ. ಮಡೆಪ್ಪನ ಲಾರಿ ಬಂದು ನಿಂತಿತು. ಹನ್ನೊಂದು ಮಂದಿ ಆಟಗಾರರು ಇಳಿದರು. ಅವರ ಹಿಂದೆ ನಾಲ್ಕು ಕುರಿ. ಧೊಂಡಿಬಾ ಅವನ್ನು ಭಾಲ್ಕಿಯ ಗೋಲಿನ ಹಿಂದೆ ಬಿಟ್ಟ.

ನಾಲ್ಕು. ನಾನು ಮತ್ತೊಮ್ಮೆ ಎಣಿಸಿದೆ. ಲಾರಿಯಲ್ಲಿ ಇನ್ನೂ ಇರಬಹುದೆಂದು ಹಿಂದೆ ಹೋಗಿ ನೋಡಿದೆ. ಇರಲಿಲ್ಲ.

ಪಂದ್ಯದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಮೊದಲ ಅರ್ಧದಲ್ಲಿ ನಮ್ಮ ಹೊಸ ಫುಲ್‌ಬ್ಯಾಕು ಕೂಳೆಯಲ್ಲಿ ಎಡವಿದ, ಅವರದೊಂದು ಗೋಲಾಯಿತು. ರಶೀದನಿಗೆ ಮೂರು ಸಲ ಚೆಂಡು ಸಿಕ್ಕಿತು. ಎರಡು ಸಲ ಹುಲ್ಲು ಕಸಿದುಕೊಂಡಿತು, ಒಂದು ಸಲ ಪಂಢರಿ. ಆಟ ಮುಗಿಯಲು ಐದು ನಿಮಿಷವಿರುವಾಗ ರಶೀದ ಒಬ್ಬನೇ ಚೆಂಡು ತೆಗೆದುಕೊಂಡು ಹೊರಟ. ಎದುರಿಗೆ, ಗೋಲಿನಲ್ಲಿದ್ದ ಪಂಢರಿಯನ್ನು ಬಿಟ್ಟರೆ, ಧೊಂಡಿಬಾ ಮಾತ್ರ. ಬಲಗಡೆಯಿಂದ ಮೈಮೇಲೆ ಬಿದ್ದಿದ್ದರೆ ಕೆಲಸ ಅಲ್ಲೇ ಮುಗಿಯುತ್ತಿತ್ತು, ಆ ಕಾಲಿನ ಸಂಗತಿ ಇಡೀ ಮೈದಾನದಲ್ಲಿ ಅವನಿಗಷ್ಟು ಚೆನ್ನಾಗಿ ಗೊತ್ತಿದ್ದವರು ಯಾರೂ ಇರಲಿಲ್ಲ. ಧೊಂಡಿಬಾ ಸುತ್ತಿ ಎಡಕ್ಕೆ ಬಂದು ಬಡಿಗೆ ನೆಲಕ್ಕೆ ಹಾಸಿ ಚೆಂಡನ್ನಷ್ಟೇ ತೆಗೆದ. ತಿರುಗಿ ಅದನ್ನು ಹಿಡಿಯಲು ಹೋದ ರಶೀದನ ಬಲ ಮೊಣಕಾಲು ತಾನಾಗಿಯೇ ಹೊರಳಿತು. ಸೆಣಬಿನ ಚೀಲ ಹರಿದ ಸದ್ದಿನಂತೆ ಒಂದು ಕೂಗು.

ಧೊಂಡಿಬಾ ಚೆಂಡು ಬಿಟ್ಟ, ಬಡಿಗೆ ಬಿಟ್ಟ. ಕೂತು, ರಶೀದನ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಮೊಣಕಾಲಿನ ಮೇಲೂ ಕೆಳಗೂ ಬೆರಳಾಡಿಸಿದ. "ಅಲ್ಲಾಡಬ್ಯಾಡ್ರಿ ಭಾಯಿ, ಎಲುವು ಮುರದಿಲ್ಲ," ಅಂದು ತನ್ನ ರುಮಾಲು ಬಿಚ್ಚಿ ಕಟ್ಟಿದ. ನಮ್ಮ ಹುಡುಗರು ಆ ಚೆಂಡು ಹೊಡೆದು ಗೋಲು ಮಾಡಬಹುದಿತ್ತು. ಯಾರೂ ಹೊಡೆಯಲಿಲ್ಲ. ಸೋತೆವು.

ರಶೀದನನ್ನು ಕಟ್ಟೆಯ ಮೇಲೆ ಮಲಗಿಸಿದಾಗ ನಾನು ಬಾಯಿಗೆ ಬಂದದ್ದು ಕೇಳಿಬಿಟ್ಟೆ: "ಯಾಕ ಹೇಳ್ಲಿಲ್ಲೋ ರಶೀದ?"

"ಯಾರು ಕೇಳಿದ್ರು, ಶೇಟಜಿ? ನನ್ನ ಬಗ್ಗೆ ಪೊಲೀಸರಿಗಿ ಕೇಳಿದ್ರಿ, ಹೋಟೆಲ್ದವರಿಗಿ ಕೇಳಿದ್ರಿ. ನನಗ ಕೇಳ್ಲಿಲ್ಲ. ಫೌಜಿನ ನೌಕರಿ ಒಮ್ಮೆ ಹೋಗ್ಯದ. ಕಾಲು ಹೋಗ್ಯದ ಅಂತ ನಾನೇ ಹೇಳಿದ್ರ ಗೇಟಿನ ನೌಕರಿನೂ ಹೋಗ್ತಿತ್ತು."

ಮಡೆಪ್ಪ ಗೆದ್ದ ಕಪ್ಪನ್ನು ಕಂಕುಳಲ್ಲಿಟ್ಟುಕೊಂಡು ಬಂದರು. ನಾನು ಏನಾದರೂ ಅನ್ನುವ ಮೊದಲೇ ಕೈ ಎತ್ತಿದರು. "ವಲ್ಲಿ ಹಾಸಿದಾಗ ನಾನೇ ಕೇಳಿದ್ನಿ, ಏನರೆ ಕೇಳೂದದೇನು ಅಂತ. ನೀವು ಎಲ್ಲಾ ಗೊತ್ತದ ಅಂದ್ರಿ. ಎಲ್ಲಾ ಗೊತ್ತಿದ್ದವರಿಗಿ ನಾ ಏನು ಹೇಳ್ಲಿ, ಬೀಗರ?"

ಹತ್ತು ಜನ ಸಾಕ್ಷಿಯಿದ್ದ ಮಾತು.

ಧೊಂಡಿಬಾ ಗೋಲಿನ ಹಿಂದೆ ಕುರಿಗಳ ಹತ್ತಿರ ಇದ್ದ. ಹೋದೆ. "ಉಳಿದವು ಎಲ್ಲಿ?"

"ಮಿಲ್ಲಿನ ಅಂಗಳದಾಗ ಹುಲ್ಲು ಇಲ್ರಿ. ಹ್ವಾದ ವರ್ಷದ ಹತ್ತಿಕಾಳು ಮಳಿಗಿ ನೆಂದು ಬೂಸಲು ಹಿಡದು ಬಿದ್ದಿತ್ತು. ನಾ ಆಟಕ್ಕ ಹೋದಾಗ ನುಗ್ಗಿ ತಿಂದ್ವು. ಹೊಟ್ಟಿ ಉಬ್ಬಿ ಏಳು ಹ್ವಾದವು." ಒಂದು ಕುರಿಯ ಬೆನ್ನಿನ ಮೇಲಿನ ಕಸ ತೆಗೆದ. "ಮೊದಲಿನ ಮೂರಕಿಂತ ಒಂದು ಜಾಸ್ತಿ ಅದರಿ."

ನಾಲ್ಕನ್ನೂ ಇನ್ನೊಮ್ಮೆ ಎಣಿಸಿದೆ. ಆಮೇಲೆ, "ವಾಪಸ ಬಾ," ಅಂದೆ. "ಮೈದಾನ ಹಾಂಗೇ ಅದ. ಹುಲ್ಲು ನೋಡು, ಎಷ್ಟದ."

ಅವನು ಎದ್ದು ನಿಂತ. ಭಾಲ್ಕಿಯವರು, ಬೀದರಿನವರು, ಮಡೆಪ್ಪ, ಮಾಸ್ತರರು ಎಲ್ಲರೂ ಅಲ್ಲಿಗೇ ಬಂದಿದ್ದರು. ಅವನು ಎಲ್ಲರಿಗೂ ಕೇಳುವ ಹಾಗೆ, ಸಂತೆಯ ದನಿಯಲ್ಲಿ ಕೇಳಿದ:

"ಸಾವ್ಕಾರ, ಬೀದರ ಕ್ಲಬ್ಬಿಗಿ ಐಬು ಏನದ?"

ಮಂದಿ ಗೊಳ್ಳೆಂದಿತು. ಅವನು ನಗಲಿಲ್ಲ. ಕೇಳಿದ ಮೇಲೆ ಹೇಳಲೇಬೇಕು. ಅವನ ಊರಿನ ಪದ್ಧತಿ ನನ್ನ ಊರಿನದೂ ಹೌದು. ಮೂವತ್ತು ವರ್ಷದ ವ್ಯಾಪಾರದಲ್ಲಿ ನನ್ನ ಮಾಲಿನ ಐಬು ನಾನೇ ಹೇಳಿದ್ದು ಅದೇ ಮೊದಲು.

"ಸೆಕ್ರೆಟರಿದು ಐಬು," ಅಂದೆ. "ಹೇಳಿದ್ದು ಕೇಳಂಗಿಲ್ಲ. ಇಂವ ಯಾಕ ಹೇಳ್ಲಾಕತ್ತಾನ ಅಂತ ನೋಡ್ತಾ ಕೂಡ್ತಾನ."

ಧೊಂಡಿಬಾ ನನ್ನ ಕಾಲು ನೋಡಿದ, ಮುಖ ನೋಡಿದ. "ಗೊತ್ತಿದ್ದ ಐಬು ನಡೀತದ್ರಿ," ಅಂದ.

ಅವನನ್ನು ಬಿಡುವುದಕ್ಕೆ ಮಡೆಪ್ಪ ಬದಲು ಕೇಳಿದರು. ಏನು ಕೇಳಿದರೆಂದು ಹೇಳಬೇಕಾಗಿಲ್ಲ. ಮರುವಾರ ನಮ್ಮ ರೋಲರ್ ಎರಡೆತ್ತಿನ ಹಿಂದೆ ಭಾಲ್ಕಿಯ ದಾರಿ ಹಿಡಿಯಿತು. ಎದುರಿಗೆ ಬರುತ್ತಿದ್ದ ಧೊಂಡಿಬಾನ ನಾಲ್ಕು ಕುರಿ ಪಕ್ಕಕ್ಕೆ ಸರಿದು ಅದಕ್ಕೆ ದಾರಿ ಬಿಟ್ಟವಂತೆ. ರಶೀದನನ್ನು ನಾನು ತೆಗೆಯಲಿಲ್ಲ. ಮಾಸ್ತರರ ಪಕ್ಕ ಕುರ್ಚಿ ಹಾಕಿಕೊಂಡು ಅವನು ಹುಡುಗರಿಗೆ ಗೋಲು ಹೊಡೆಯುವುದನ್ನು ಕಲಿಸುತ್ತಾನೆ, ಎದ್ದು ತೋರಿಸುವುದಿಲ್ಲ.

ಇದೆಲ್ಲ ಆಗಿ ಐದು ವರ್ಷವಾಯಿತು. ಈಗ ಭಾಷೆ ನೋಡಿ ರಾಜ್ಯ ಹಂಚುವ ದೊಡ್ಡವರು ದೊಡ್ಡ ವಲ್ಲಿಯ ಕೆಳಗೆ ಕೈ ಹಾಕಿ ತಾಲೂಕುಗಳನ್ನೇ ಅದಲುಬದಲು ಮಾಡುತ್ತಿದ್ದಾರೆ. ಉದಗೀರ ಆ ಕಡೆ, ನಾವು ಈ ಕಡೆಯಂತೆ. ಐಬು ಯಾರಾದರೂ ಕೇಳಿದರೋ ಇಲ್ಲವೋ ನನಗೆ ತಿಳಿಯದು. ಧೊಂಡಿಬಾನ ಹಿಂಡು ಹೋದ ತಿಂಗಳು ಇಪ್ಪತ್ತೆರಡಾಯಿತು. ಬರುವ ಸೋಮವಾರ ಎಕಂಬಾಕ್ಕೆ ಹೊರಡುತ್ತಾನೆ. ಸುಭದ್ರಾಬಾಯಿ ಬಂದು ಕೂತಿದ್ದಾಳೆ, ಎರಡು ದಿನದಿಂದ ಕುರಿಗಳನ್ನು ಎಣಿಸುತ್ತಿದ್ದಾಳೆ. ನಮ್ಮ ಗೋಲಿನ ಹಿಂದೆ ಇನ್ನು ಏನೂ ಇರುವುದಿಲ್ಲ.

ಆ ಇಪ್ಪತ್ತೆರಡರಲ್ಲಿ ಏಳು, ಸತ್ತ ಏಳು ಕುರಿಗೆ ಬದಲು ನಾನು ಕೊಡಿಸಿದವು. ಬೇಡ ಅಂದ, ತಾಯಿ ಇಸಿದುಕೊಂಡಳು. ಮಂದಿಯ ಮುಂದೆ ಅಂದು ಹೇಳಿದ್ದು ಸಂತೆಯ ಮಾತು, ನಗೆಯಲ್ಲಿ ಹೋಯಿತು. ಮೆಟ್ಟಿಲ ಕೆಳಗೆ ನಿಂತು ಅವನು ನಿಜ ಹೇಳಿದ ದಿನ ನಾನು ಅವನ ಕುರಿಗಳ ಲೆಕ್ಕ ಕೇಳಿದೆ. ಅದಕ್ಕೆ ತಪ್ಪಾಯಿತು ಅನ್ನುವ ಒಂದು ಮಾತನ್ನು ನಾನು ಧೊಂಡಿಬಾನಿಗೆ ಇನ್ನೂ ಕೊಡಬೇಕು.